ಕೈಯೋ ಕ್ಲಚ್ಚೋ

ಸುಳ್ಳು ಹೇಳುವವನು ಸಾಮಾನ್ಯವಾಗಿ ತನ್ನನ್ನು ಉಳಿಸಿಕೊಂಡು ತಪ್ಪನ್ನು ಬೇರೆಯವರ ತಲೆಗೆ ಕಟ್ಟುತ್ತಾನೆ. ಲೋಕ ನಡೆಯುತ್ತಿರುವುದೇ ಹೀಗೆ, ಇದರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ. ಆದರೆ ನಮ್ಮ ಸೂಜಿಯಣ್ಣ ಒಂದು ಮುದಿ ಮೋಟಾರ್ ಸೈಕಲ್ಲಿನ ಮಾನ ಉಳಿಸಲು ಹೋಗಿ ತಪ್ಪನ್ನು ತನ್ನ ಕೈಯ ಮೇಲೆಯೇ ಹಾಕಿಕೊಂಡ. ಅದೂ ಎಡಗೈಯ ಮೇಲೆ. ಅವನೋ ಎಡಚ, ಆ ಕೈಯೊಂದನ್ನೇ ನಂಬಿ ಸಂಸಾರ ಸಾಗಿಸುತ್ತಿರುವ ಮನುಷ್ಯ.

ಸೂಜಿಯಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಸುಬು ತಂದುಕೊಟ್ಟ ಹೆಸರು. ಮುಖ್ಯರಸ್ತೆಯ ಕ್ಲಿನಿಕ್ಕಿನಲ್ಲಿ ಮುಂದಿನ ಕೋಣೆ ಡಾಕ್ಟರದ್ದು. ಅವರು ಜ್ವರ ನೋಡುತ್ತಾರೆ, ಗಾಯಕ್ಕೆ ಹೊಲಿಗೆ ಹಾಕುತ್ತಾರೆ, ಕುರು ಕೊಯ್ಯುತ್ತಾರೆ. ಹಿಂದಿನ ಕೋಣೆ ಸೂಜಿಯಣ್ಣನದು. ಅವನು ಪರೀಕ್ಷೆಗೆ ರಕ್ತ ತೆಗೆಯುತ್ತಾನೆ. ಎಂಥ ದಪ್ಪ ತೋಳಿನಲ್ಲಾದರೂ ಎರಡು ಬೆರಳಿನಿಂದ ತಡಕಿ, ಅಡಗಿ ಕೂತ ನರವನ್ನು ಹಿಡಿದು, ಒಂದೇ ಸಲಕ್ಕೆ ಸೂಜಿ ಇಳಿಸುತ್ತಾನೆ. ಎರಡನೇ ಸಲ ಚುಚ್ಚಿದ ದಾಖಲೆ ಇಲ್ಲ. ಬೆಳಗ್ಗೆ ಬೆಳಗ್ಗೆ ನಡೆಯಲಾರದ ಮುದುಕರ ಮನೆಗಳಿಗೂ ಹೋಗಿ ರಕ್ತ ತರುತ್ತಾನೆ. ಅಷ್ಟು ಹೊತ್ತಿಗೆ ಎದ್ದು ರಕ್ತ ಕೇಳಿಕೊಂಡು ಬರುವವನನ್ನು ಜನ ನಗುನಗುತ್ತ ಬರಮಾಡಿಕೊಳ್ಳುತ್ತಾರೆಂದರೆ ಆ ಕೈಯ ಗುಣ ಎಂಥದ್ದಿರಬೇಕು, ನೀವೇ ಯೋಚಿಸಿ.

ಹಾಗೆ ಮನೆಮನೆಗೆ ಹೋಗಲು ಅವನು ಇಟ್ಟುಕೊಂಡಿದ್ದ ವಾಹನವೇ ಆ ಮೋಟಾರ್ ಸೈಕಲ್ಲು. ಅವನ ಮದುವೆಗಿಂತ ಹಳೆಯದು. ಯಾರೋ ಬಳಸಿ, ಇನ್ಯಾರೋ ಬಳಸಿ ಬಿಟ್ಟದ್ದನ್ನು ಅವನು ಹೆಂಡತಿ ಬೇಡವೆಂದರೂ ಕೇಳದೆ ತಂದಿದ್ದ. ಇದಕ್ಕೆ ಕಾರಣವಿದೆ. ಅವನ ಓದನ್ನು ಆರಿಸಿದವಳು ಅಕ್ಕ, ಕೆಲಸ ಹುಡುಕಿಕೊಟ್ಟವನು ಅಕ್ಕನ ಗಂಡ, ಬಾಡಿಗೆ ಮನೆ ತೋರಿಸಿದವರು ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು, ಹೆಂಡತಿಯನ್ನು ಆರಿಸಿದವರು ಇವರೆಲ್ಲ ಸೇರಿ. ತಾನೇ ನೋಡಿ, ತಾನೇ ಮೆಚ್ಚಿ, ತಾನೇ ಮನೆಗೆ ತಂದದ್ದು ಅಂತ ಅವನಿಗೆ ಈ ಭೂಮಿಯ ಮೇಲೆ ಇದ್ದದ್ದು ಅದೊಂದೇ ಗಾಡಿ.

ತಂದ ದಿನ ಹೆಂಡತಿ ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದು ನಮ್ಮನ್ನ ಹೊತ್ಕೊಂಡು ಹೋಗುತ್ತೋ, ನಾವೇ ಇದನ್ನ ಹೊತ್ಕೊಂಡು ಬರಬೇಕೋ" ಎಂದು ಕೇಳಿದ್ದಳು.

ಸೂಜಿಯಣ್ಣನಿಗೆ ರೋಷ ಬಂದಿತ್ತು. "ಇದರಲ್ಲಿ ಒಂದು ದೋಷ ತೋರಿಸು, ಆವತ್ತೇ ಗುಜರಿಗೆ ಹಾಕ್ತೀನಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ್ದ. ಹೆಂಡತಿ ಮಾತು ಬೆಳೆಸಲಿಲ್ಲ. ಮಾತು ಬೆಳೆಸದ ಹೆಂಡತಿಯರ ನೆನಪಿನ ಶಕ್ತಿ ಬಹಳ ಗಟ್ಟಿಯಾಗಿರುತ್ತದೆ ಎನ್ನುವುದು ಆಗ ಅವನಿಗೆ ಹೊಳೆಯಲಿಲ್ಲ.

ಒಂದು ಸಂಜೆ ಗಂಡಹೆಂಡಿರು ತರಕಾರಿ ತೆಗೆದುಕೊಂಡು ದೂರದ ಮಾರುಕಟ್ಟೆಯಿಂದ ಬರುತ್ತಿದ್ದರು. ಮನೆ ಇನ್ನೇನು ಬಂತು ಎನ್ನುವಾಗ ಹೆಡ್‌ಮಾಸ್ತರರು ತಮ್ಮ ಗೇಟಿನಲ್ಲಿ ನಿಂತು ಕೈ ತೋರಿಸಿದರು. ಸೂಜಿಯಣ್ಣ ನಿಲ್ಲಿಸಿದ. ಬರುವ ವಾರ ತಮ್ಮ ಸಕ್ಕರೆ ಪರೀಕ್ಷೆ ಇರುವುದನ್ನು ಅವರು ನೆನಪಿಸಿದರು. ಆಗಲಿ ಸಾರ್ ಎಂದು ಅವನು ಮೊದಲ ಗೇರಿಗೆ ಹಾಕಿ, ಎಂದಿನಂತೆ ಎಡಗೈಯ ಕ್ಲಚ್ಚನ್ನು ಹಗುರವಾಗಿ ಬಿಟ್ಟ.

ಗಾಡಿ ಹಗುರವಾಗಿ ಹೋಗಲಿಲ್ಲ. ಒಂದು ಸಲ ಮುಂದಕ್ಕೆ ನೆಗೆದು ನಿಂತಿತು, ಮತ್ತೆ ನೆಗೆಯಿತು, ಮತ್ತೆ ತಡೆಯಿತು, ಗಡಗಡನೆ ಮೈ ನಡುಗಿಸಿ ಮೂರನೇ ಸಲ ನೆಗೆದು ಆರಿಹೋಯಿತು. ಹೆಂಡತಿಯ ಹೆಲ್ಮೆಟ್ಟು ಗಂಡನ ಹೆಲ್ಮೆಟ್ಟಿಗೆ ಟಣ್ಣೆಂದು ಬಡಿಯಿತು. ಚೀಲದ ಬಾಯಿ ಬಿಚ್ಚಿ ಈರುಳ್ಳಿಗಳು ಹೆಡ್‌ಮಾಸ್ತರರ ಅಂಗಳಕ್ಕೆ ಉರುಳಿಕೊಂಡು ಹೋದವು.

"ಏನಪ್ಪಾ, ಗಾಡಿಗೆ ಏನಾಯ್ತು?" ಎಂದರು ಹೆಡ್‌ಮಾಸ್ತರರು.

ಹೆಂಡತಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಗಂಡನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸೂಜಿಯಣ್ಣನಿಗೆ ಗುಜರಿ ಅಂಗಡಿಯ ತಕ್ಕಡಿ ಕಂಡಂತಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಗಾಡಿಗೇನಾಗಿಲ್ಲ ಸಾರ್. ಗಾಡಿ ಬೆಣ್ಣೆ ಇದ್ದ ಹಾಗಿದೆ. ನನ್ನ ಕೈಯೇ ಸ್ವಲ್ಪ ನಡುಗಿತು."

ಹೆಡ್‌ಮಾಸ್ತರರು ಬಗ್ಗಿ ಈರುಳ್ಳಿ ಎತ್ತುತ್ತಿದ್ದವರು ಹಾಗೆಯೇ ನಿಂತರು. ಅವರ ಕಣ್ಣು ಸೂಜಿಯಣ್ಣನ ಎಡಗೈಗೆ ಹೋಯಿತು, ಅಲ್ಲಿಂದ ತಮ್ಮ ಬಲತೋಳಿನ ಮಡಿಕೆಗೆ ಬಂತು. ತೋಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

"ಹೌದಾ? ಯಾವಾಗಿನಿಂದ?"

"ಈಗೀಗ ಸಾರ್" ಎಂದ ನಮ್ಮ ಕಥಾನಾಯಕ, ಸುಳ್ಳಿಗೆ ಇನ್ನಷ್ಟು ಬಲ ಬರಲೆಂದು.

ಹೆಡ್‌ಮಾಸ್ತರರು ಬದುಕೆಲ್ಲ ಮಕ್ಕಳಿಗೆ ಪಾಠ ಹೇಳಿದವರು. ತಮಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಾಗುವತನಕ ಅವರಿಗೆ ನಿದ್ದೆ ಬರುವುದಿಲ್ಲ. ಮರುದಿನ ಪಾರ್ಕಿನಲ್ಲಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದಾಗಿ ಎರಡು ಸುತ್ತು ಹಾಕಿತ್ತು. ಪಾಪ, ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ಒಳ್ಳೇ ಹುಡುಗ. ಚಿಕ್ಕ ವಯಸ್ಸು. ಹೀಗಾಗಬಾರದಿತ್ತು" ಎಂದಷ್ಟೇ ಹೇಳುತ್ತಿದ್ದರು. ಕೇಳಿದವರಿಗೆ ಅಷ್ಟು ಸಾಕಾಗುತ್ತಿತ್ತು.

ಕ್ಲಿನಿಕ್ಕಿನಲ್ಲಿ ಆ ವಾರ ವಿಚಿತ್ರ ಪರಿಸ್ಥಿತಿ. ಬೆಂಚಿನ ತುಂಬ ಜನ, ಸೂಜಿಯಣ್ಣ ಬಾಗಿಲಿಗೆ ಬಂದು "ಮುಂದಿನವರು ಬನ್ನಿ" ಎಂದರೆ ಮುಂದಿನವರು ಯಾರೂ ಇಲ್ಲ. ಒಬ್ಬಾಕೆ ತಾನು ಜೊತೆಗೆ ಬಂದವಳೆಂದಳು. ಆಕೆಯ ಜೊತೆಯವನು ತಾನು ಆಕೆಯ ಜೊತೆಗೆ ಬಂದವನೆಂದ. ಇನ್ನೊಬ್ಬ ಭಾರಿ ಆಸಾಮಿ ಧೈರ್ಯಮಾಡಿ ಒಳಗೆ ಬಂದು ಕೂತು, ತೋಳು ಚಾಚುವ ಬದಲು ಸೂಜಿಯಣ್ಣನ ಬೆರಳುಗಳನ್ನೇ ನೋಡುತ್ತ, "ಇವತ್ತು ಹೇಗಿದೆ ಕೈ?" ಎಂದು ವಿಚಾರಿಸಿದ. ರೋಗಿಯೇ ವೈದ್ಯಕೀಯ ವಿಚಾರಣೆ ಮಾಡಿದರೆ ಯಾವ ಕೈ ತಾನೇ ನೆಟ್ಟಗಿದ್ದೀತು? ಆದರೂ ಸೂಜಿಯಣ್ಣ ಒಂದೇ ಸಲಕ್ಕೆ ರಕ್ತ ತೆಗೆದ. ಆಸಾಮಿ ಹೊರಗೆ ಹೋಗಿ, "ಏನೋ, ನನ್ನ ಅದೃಷ್ಟ ಚೆನ್ನಾಗಿತ್ತು" ಎಂದು ಬೆಂಚಿನವರಿಗೆ ಹೇಳಿದ.

ಅಷ್ಟರಲ್ಲಿ ಅಕ್ಕ ಬಂದಳು. ಅಕ್ಕ ಬರುವುದೆಂದರೆ ಫೋನು ಮಾಡಿ, ದಿನ ಗೊತ್ತುಮಾಡಿ ಬರುವುದಲ್ಲ. ಬಾಗಿಲು ತೆರೆದರೆ ನಿಂತಿರುತ್ತಾಳೆ, ಚೀಲ ಸಮೇತ. ಚೀಲದಿಂದ ಮೊದಲು ಒಂದು ರಬ್ಬರ್ ಚೆಂಡು ಹೊರಬಂತು.

"ದಿನಾ ಇದನ್ನ ಹಿಸುಕು. ನಮ್ಮ ಮನೆ ಹತ್ತಿರ ಒಬ್ಬರಿಗೆ ಹೀಗೇ ಶುರುವಾಗಿ ಕೊನೆಗೆ ಚಮಚ ಹಿಡಿಯೋಕೂ ಆಗ್ತಿರಲಿಲ್ಲ" ಎಂದಳು.

"ಅಕ್ಕಾ, ನನಗೇನೂ ಆಗಿಲ್ಲ ಕಣೇ."

"ಅವರೂ ಹಾಗೇ ಅಂತಿದ್ದರು."

ಅಕ್ಕ ಅವನನ್ನು ನಡುಮನೆಯಲ್ಲಿ ನಿಲ್ಲಿಸಿ, ತುಂಬಿದ ನೀರಿನ ಲೋಟ ಕೈಗೆ ಕೊಟ್ಟು, ತೋಳು ನೆಟ್ಟಗೆ ಚಾಚು ಎಂದಳು. ಚಾಚಿದ. ನೀರಿನ ಮೇಲೆ ಒಂದು ಅಲೆ ಏಳಲಿಲ್ಲ. ಅಕ್ಕ ಬಗ್ಗಿ ಒಂದು ಕಡೆಯಿಂದ ನೋಡಿದಳು, ಇನ್ನೊಂದು ಕಡೆಯಿಂದ ನೋಡಿದಳು, ಮುಖ ಗಂಭೀರ ಮಾಡಿಕೊಂಡು ತಮ್ಮನ ಹೆಂಡತಿಯ ಕಡೆ ತಿರುಗಿದಳು.

"ನೋಡಿದೆಯಾ? ಒಳಗೇ ಅಡಗಿಕೊಂಡಿದೆ. ಹೊರಗೆ ಕಾಣಿಸೋದಾದರೂ ವಾಸಿ."

ಹೆಂಡತಿ ಬಟ್ಟೆ ಮಡಿಸುತ್ತ ಕೂತಿದ್ದಳು. "ನೀವು ಹೇಳೋದು ಸರಿ ಅತ್ತಿಗೆ. ಒಳಗಿರೋದನ್ನ ಅವರು ಬಾಯಿಬಿಟ್ಟು ಹೇಳಿದರೆ ತಾನೇ ನಮಗೆ ಗೊತ್ತಾಗೋದು" ಎಂದು ಗಂಡನ ಕಡೆ ನೋಡಿದಳು.

ಆಗಲೇ ಹೇಳಿಬಿಡಬಹುದಿತ್ತು. "ಕೈ ಅಲ್ಲ, ಗಾಡಿ" ಎಂದು ಮೂರೇ ಮಾತು. ಸೂಜಿಯಣ್ಣ ಬಾಯಿ ತೆರೆದದ್ದೂ ನಿಜ. ಆದರೆ ಕಿಟಕಿಯಾಚೆ ಗಾಡಿ ನಿಂತಿತ್ತು, ಸಂಜೆಯ ಬಿಸಿಲಿನಲ್ಲಿ ಅದರ ಟ್ಯಾಂಕು ಹೊಳೆಯುತ್ತಿತ್ತು. ಅವನು ಬಾಯಿ ಮುಚ್ಚಿಕೊಂಡು ಚೆಂಡು ಹಿಸುಕತೊಡಗಿದ.

ಆದರೂ ಅವನು ಕೈಕಟ್ಟಿ ಕೂರಲಿಲ್ಲ. ಯಾರಿಗೂ ಗೊತ್ತಾಗದಂತೆ ಗಾಡಿಯನ್ನು ತಾನೇ ಸರಿಮಾಡಿಬಿಟ್ಟರೆ ಎರಡು ರೋಗಗಳೂ ಒಟ್ಟಿಗೇ ವಾಸಿಯಾಗುತ್ತವೆ ಎಂದು ಲೆಕ್ಕಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಗಾಡಿಯ ವಿಚಾರದಲ್ಲಿ ಅವನಿಗೆ ಗೊತ್ತಿದ್ದದ್ದು ಪೆಟ್ರೋಲು ಹಾಕುವ ಜಾಗ ಮತ್ತು ಕೀಲಿ ತಿರುಗಿಸುವ ಜಾಗ ಎರಡೇ ಎನ್ನುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೊದಲು ಅವನ ಅನುಮಾನ ಕ್ಲಚ್ಚಿನ ಕೇಬಲ್ಲಿನ ಮೇಲೆ ಬಿತ್ತು. ಕೇಬಲ್ ಒಣಗಿದ್ದರೆ ತಡೆತಡೆದು ಬಿಡುತ್ತದೆ, ಆಗ ಗಾಡಿ ನೆಗೆಯುತ್ತದೆ ಎಂದು ಎಲ್ಲೋ ಕೇಳಿದ್ದ. ಎಲ್ಲರೂ ಏಳುವ ಮೊದಲೇ ಅಂಗಳಕ್ಕೆ ಬಂದು, ಕೇಬಲ್ಲಿನ ಬಾಯಿಗೆ ಹನಿಹನಿಯಾಗಿ ಎಣ್ಣೆ ಬಿಟ್ಟು, ಅದು ಒಳಗೆ ಇಳಿಯಲೆಂದು ಲಿವರನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದ. ಸದ್ದಾದರೆ ಹೆಂಡತಿ ಎದ್ದಾಳೆಂದು ಎಂಜಿನ್ ಶುರುಮಾಡಲಿಲ್ಲ. ಎದುರುಮನೆಯ ಕಿಟಕಿಯಲ್ಲಿ ಹೆಡ್‌ಮಾಸ್ತರರು ಹಲ್ಲುಜ್ಜುತ್ತ ಇದನ್ನು ನೋಡಿದರು. ನಿಂತ ಗಾಡಿಯ ಮೇಲೆ, ಕತ್ತಲು ಹರಿಯುವ ಹೊತ್ತಿನಲ್ಲಿ, ಮನುಷ್ಯನೊಬ್ಬ ಎಡಗೈ ಬೆರಳುಗಳನ್ನು ಮಡಚುತ್ತ ಬಿಡಿಸುತ್ತ ಕೂತಿದ್ದಾನೆ. ಅವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೆಂಡತಿಯನ್ನು ಕರೆದು ತೋರಿಸಿದರು. ಅಂದು ಪಾರ್ಕಿನಲ್ಲಿ, "ಈಗ ಬೆಳಗ್ಗೆಯೇ ಶುರುವಾಗುತ್ತೆ" ಎನ್ನುವ ಹೊಸ ವಿಷಯ ಸೇರಿಕೊಂಡಿತು.

ಕೇಬಲ್ಲಿನಿಂದ ಗುಣ ಕಾಣಲಿಲ್ಲ. ಬೆಳಗ್ಗೆ ಮನೆಯಿಂದ ಹೊರಡುವಾಗ ಗಾಡಿ ಸಾಧುವಾಗಿ ಹೋಗುತ್ತಿತ್ತು. ನಾಲ್ಕಾರು ಮನೆ ಸುತ್ತಿ ಎಂಜಿನ್ ಕಾದ ಮೇಲೆ ಪ್ರತಿ ತಿರುವಿನಲ್ಲೂ ಗಡಗಡ ಎಂದು ಮೈಕೊಡವಿ ನೆಗೆಯುತ್ತಿತ್ತು. ಚೈನು ಸಡಿಲವೇನೋ ಎಂದು ಬಿಗಿ ಮಾಡಿದ. ಬಿಗಿ ಹೆಚ್ಚಾಯಿತೇನೋ ಎಂದು ಸಡಿಲ ಮಾಡಿದ. ಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿದ್ದ ರಕ್ತದ ಸೀಸೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುವಾಗೆಲ್ಲ ಅವನು ಗಾಡಿ ನಿಲ್ಲಿಸಿ ಮುಚ್ಚಳ ತೆಗೆದು ನೋಡುತ್ತಿದ್ದ. ಕೊನೆಗೆ ಒಂದು ದೊಡ್ಡ ಮನಸ್ಸು ಮಾಡಿ, ಗಾಡಿಗೆ ಇಷ್ಟು ದಿನ ಸಾಧಾರಣ ಆಯಿಲ್ ಹಾಕಿದ್ದೇ ತಪ್ಪು ಎಂದು ತೀರ್ಮಾನಿಸಿ, ದೊಡ್ಡ ಕಾರುಗಳಿಗೆ ಹಾಕುವ ಅತಿ ಉತ್ತಮ ಆಯಿಲನ್ನು ತಂದು ತುಂಬಿದ. ಕಾರಿನ ಕ್ಲಚ್ಚು ಆಯಿಲ್ಲಿನಲ್ಲಿ ಮುಳುಗಿರುವುದಿಲ್ಲ, ಮೋಟಾರ್ ಸೈಕಲ್ಲಿನದು ಮುಳುಗಿರುತ್ತದೆ, ಅದಕ್ಕೆ ಇದು ಆಗಿಬರುವುದಿಲ್ಲ ಎನ್ನುವುದು ಡಬ್ಬಿಯ ಮೇಲೆ ಬರೆದಿರಲಿಲ್ಲ. ಅಂದಿನಿಂದ ಕಾದ ಗಾಡಿ ಮೊದಲು ಜಾರುತ್ತಿತ್ತು, ಆಮೇಲೆ ನೆಗೆಯುತ್ತಿತ್ತು. ರೋಗಕ್ಕೆ ಪೌಷ್ಟಿಕ ಆಹಾರ ಕೊಟ್ಟಂತಾಗಿತ್ತು.

ಬೇರೆ ದಾರಿ ಕಾಣದೆ ಬೀದಿಯ ತುದಿಯ ಮೆಕ್ಯಾನಿಕ್ಕನ ಹತ್ತಿರ ಹೋಗಲು ನಿರ್ಧರಿಸಿದ. ಮೆಕ್ಯಾನಿಕ್ ಬಹಳ ಖಚಿತ ಮನುಷ್ಯ. ಗಾಡಿ ನೋಡುವ ಮೊದಲೇ ಅವನಿಗೆ ರೋಗ ಗೊತ್ತಿರುತ್ತದೆ, ನೋಡಿದ ಮೇಲೂ ಅಭಿಪ್ರಾಯ ಬದಲಾಗುವುದಿಲ್ಲ. ಸೂಜಿಯಣ್ಣ ಭಾನುವಾರ ಬೆಳಗ್ಗೆ, ಮನೆಯವರಿಗೆ ಸದ್ದು ಕೇಳಬಾರದೆಂದು ಗಾಡಿಯನ್ನು ತಳ್ಳಿಕೊಂಡೇ ಹೋದ. ತಳ್ಳಿಕೊಂಡು ಹೋದದ್ದರಿಂದ ಎಂಜಿನ್ ತಣ್ಣಗೇ ಇತ್ತು. ಮೆಕ್ಯಾನಿಕ್ ಕಾಲಿನಲ್ಲಿ ಒದ್ದು ಶುರುಮಾಡಿ, ಬರ್ರೆಂದು ಒಂದು ಸುತ್ತು ಹೋಗಿಬಂದ. ಗಾಡಿ ಹಂಸದ ಹಾಗೆ ಹೋಯಿತು, ಹಂಸದ ಹಾಗೆ ಬಂತು.

"ಗಾಡಿಗೆ ಏನೂ ಆಗಿಲ್ಲ" ಎಂದು ಕೀಲಿ ಕೊಟ್ಟ.

"ನೆಗೆಯುತ್ತಪ್ಪಾ. ನೀನೇ ಇನ್ನೊಂದು ಸಲ ನೋಡು."

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಅನುಕಂಪದಿಂದ ನೋಡಿದ. "ಸೂಜಿಯಣ್ಣ, ತಪ್ಪು ತಿಳ್ಕೋಬೇಡಿ. ಊರೆಲ್ಲ ಹೇಳೋದು ಕೇಳಿದೀನಿ. ಇಂಥದ್ದರಲ್ಲಿ ಗಾಡಿ ಮೇಲೆ ಅನುಮಾನ ಬರೋದು ಸಹಜ. ಕೈ ಒಮ್ಮೆ ಒಳ್ಳೇ ಕಡೆ ತೋರಿಸಿ."

ತಾನು ಹೇಳಿದ ಸುಳ್ಳನ್ನು ತನಗೇ ತಿರುಗಿಸಿ ಹೇಳುವಾಗ ಅದು ಎಷ್ಟು ನಿಜದಂತೆ ಕೇಳುತ್ತದೆ ಎಂದು ಸೂಜಿಯಣ್ಣನಿಗೆ ಆಗ ತಿಳಿಯಿತು. ಗಾಡಿ ತಳ್ಳಿಕೊಂಡು ವಾಪಸು ಬರುವಾಗ, ನಡುರಸ್ತೆಯಲ್ಲಿ ನಿಂತು, ಎಡಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡ. ನಡುಗುತ್ತಿದೆಯೇ? ಇಲ್ಲ. ಈಗ? ಸ್ವಲ್ಪ. ಹೆದರಿಕೆಯಿಂದ ಇರಬಹುದೇ? ಹೆದರಿಕೆ ಯಾಕೆ? ನಡುಗುತ್ತಿರುವುದರಿಂದ. ಅಂದು ರಾತ್ರಿ ಊಟ ಸೇರಲಿಲ್ಲ. ಚೆಂಡನ್ನು ಅಕ್ಕ ಹೇಳಿದ್ದಕ್ಕಿಂತ ಹೆಚ್ಚು ಸಲ ಹಿಸುಕಿದ.

ಮರುದಿನ ಮನೆಮನೆಯ ಸುತ್ತು ಮುಗಿಸಿ, ಕ್ಲಿನಿಕ್ಕಿನ ಮುಂದೆ ಗಾಡಿ ನಿಲ್ಲಿಸುತ್ತಿದ್ದಂತೆ ಡಾಕ್ಟರು ಒಳಗೆ ಕರೆದರು. ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಸುದ್ದಿ ಹೇಳುವಾಗ ಅವರು ರೋಗಿಯ ಮುಖ ಸ್ಪಷ್ಟವಾಗಿ ಕಾಣದಂತೆ ಹಾಗೆ ಮಾಡುತ್ತಾರೆ.

"ನೋಡಿ, ನಿಮ್ಮ ಕೆಲಸದಲ್ಲಿ ನಾನು ಯಾವತ್ತೂ ತಪ್ಪು ಕಂಡಿಲ್ಲ. ಆದರೆ ಜನ ಬೇರೆ ಕಡೆ ಹೋಗ್ತಿದಾರೆ. ನಾಳೆಯಿಂದ ನೀವು ಕೌಂಟರಿನಲ್ಲಿ ರಸೀದಿ ಬರೆಯೋದು ನೋಡ್ಕೊಳ್ಳಿ. ರಕ್ತ ತೆಗೆಯೋಕೆ ಬೇರೆಯವರನ್ನ ಕರೆಸ್ತಿದೀನಿ."

ಇನ್ನು ಮೇಲೆ ಸೂಜಿಯಣ್ಣನಿಗೆ ಸೂಜಿ ಇಲ್ಲ. ಮುದುಕರ ತೋಳಿನಲ್ಲಿ ನರ ಹುಡುಕುವುದೂ ಇಲ್ಲ. ಈ ಕೈಗೆ ಗೊತ್ತಿದ್ದ ಒಂದೇ ಒಂದು ವಿದ್ಯೆ ನಾಳೆಯಿಂದ ಇಲ್ಲ. ಅವನಿಗೆ ಅಳು ಬಂದಂತಾಯಿತು. ಅಳುವಿನ ಜೊತೆಗೆ ನಿಜವೂ ಹೊರಗೆ ಬಂತು.

"ಸಾರ್, ಕೈ ಅಲ್ಲ ಸಾರ್. ಗಾಡಿ. ಕ್ಲಚ್ ಬಿಟ್ಟರೆ ನೆಗೆಯುತ್ತೆ. ನನ್ನ ಕೈಗೆ ಏನೂ ಆಗಿಲ್ಲ."

"ಇಷ್ಟು ದಿನ ಕೈ ಅಂತ ನೀವೇ ಹೇಳ್ಕೊಂಡು ತಿರುಗಿದ್ರಿ."

"ಸುಳ್ಳು ಹೇಳಿದೆ ಸಾರ್."

"ಕೆಲಸ ಹೋಗುತ್ತೆ ಅಂದಾಗ ಹೇಳಿದ್ದು ನಿಜ, ಹೋಗೋದಿಲ್ಲ ಅಂದಾಗ ಹೇಳಿದ್ದು ಸುಳ್ಳು. ನಾನು ಯಾವುದನ್ನ ನಂಬಲಿ?" ಡಾಕ್ಟರು ಕನ್ನಡಕ ಹಾಕಿಕೊಂಡರು. ಆಮೇಲೆ ನ್ಯಾಯವಂತರಾದ್ದರಿಂದ ಎದ್ದು ನಿಂತು ಕೈ ನೀಡಿದರು. "ಕೀಲಿ ಕೊಡಿ. ಓದುವಾಗ ಇಂಥ ಗಾಡಿ ನಾನೂ ಓಡಿಸಿದೀನಿ. ಒಂದು ನಿಮಿಷದಲ್ಲಿ ಗೊತ್ತಾಗುತ್ತೆ."

ಡಾಕ್ಟರು ಬಿಳಿ ಕೋಟಿನಲ್ಲೇ ಹೊರಗೆ ಬಂದು ಗಾಡಿ ಹತ್ತಿದರು. ಬೆಂಚಿನ ಮೇಲಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದರು. ಹೊಲಿಗೆ ಬಿಚ್ಚಿಸಲು ಬಂದವರು, ಕುರು ಕೊಯ್ಸಲು ಬಂದವರು, ರಕ್ತ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದವರು, ಎಲ್ಲರೂ. ಸಕ್ಕರೆ ಪರೀಕ್ಷೆಗೆಂದು ಉಪವಾಸ ಬಂದಿದ್ದ ಹೆಡ್‌ಮಾಸ್ತರರು ಎಲ್ಲರಿಗಿಂತ ಮುಂದೆ ನಿಂತರು. ಎಂಜಿನ್ ಇನ್ನೂ ಕಾದೇ ಇತ್ತು. ಡಾಕ್ಟರು ಗೇರು ಹಾಕಿ, ಹೊಲಿಗೆ ಹಾಕುವಾಗಿನಷ್ಟೇ ನಾಜೂಕಾಗಿ, ಕ್ಲಚ್ ಬಿಟ್ಟರು.

ಗಾಡಿ ಒಂದು ಕ್ಷಣ ಜಾರಿತು. ಆಮೇಲೆ ನೆಗೆಯಿತು. ಗಡಗಡ ಎಂದು ನಡುಗಿ ಮತ್ತೆ ನೆಗೆಯಿತು. ಡಾಕ್ಟರ ಕೋಟು ಮೇಲೆ ಹಾರಿತು, ಕನ್ನಡಕ ಕೆಳಗೆ ಹಾರಿತು. ಮೂರನೇ ನೆಗೆತಕ್ಕೆ ಬಾಗಿಲ ಪಕ್ಕದ ಹೂಕುಂಡಗಳ ಸಾಲಿಗೆ ಮುಂದಿನ ಚಕ್ರ ನುಗ್ಗಿ, ಗಾಡಿ ಆರಿಹೋಯಿತು.

ಸೂಜಿಯಣ್ಣನ ಮುಖ ಅರಳಿತು. ಇಷ್ಟು ದಿನದಲ್ಲಿ ಅವನಿಗೆ ಇಷ್ಟು ಸಂತೋಷ ಕೊಟ್ಟ ದೃಶ್ಯ ಇನ್ನೊಂದಿರಲಿಲ್ಲ. ಆದರೆ ಬಾಗಿಲಲ್ಲಿದ್ದ ಜನ ನೋಡಿದ್ದು ಬೇರೆ. ಹೆಡ್‌ಮಾಸ್ತರರು ತೀರಾ ಮೆಲುದನಿಯಲ್ಲಿ, ಆದರೆ ತರಗತಿಯ ಕೊನೆಯ ಸಾಲಿಗೂ ಕೇಳುವಂತೆ, ಹೇಳಿದರು:

"ಅಯ್ಯೋ, ಡಾಕ್ಟರಿಗೂ ಶುರುವಾಯ್ತು."

"ಅಂಟುತ್ತಾ ಇದು?" ಎಂದಿತು ಹಿಂದಿನಿಂದ ಒಂದು ದನಿ.

"ಒಂದೇ ಕಡೆ ಕೆಲಸ ಮಾಡ್ತಾರಲ್ಲ, ಅಂಟದೆ ಇರುತ್ತಾ?"

ಕುರು ಕೊಯ್ಸಲು ಬಂದಿದ್ದವನು ತನ್ನ ಕುರು ಇದ್ದಕ್ಕಿದ್ದಂತೆ ವಾಸಿಯಾಗಿದೆ ಎಂದು ಸಾರಿ ಚಪ್ಪಲಿ ಹುಡುಕತೊಡಗಿದ. ಹೊಲಿಗೆಯವರು ಇನ್ನೊಂದು ವಾರ ಹೊಲಿಗೆ ಇಟ್ಟುಕೊಳ್ಳಲು ಸಿದ್ಧರಾದರು. ಡಾಕ್ಟರು ಕುಂಡಗಳ ನಡುವಿನಿಂದ ಎದ್ದು, ಕೋಟಿನ ಮಣ್ಣು ಕೊಡವುತ್ತ, "ಇಲ್ಲ ಇಲ್ಲ, ಕೈ ಅಲ್ಲ, ಇದು ಗಾಡಿ" ಎಂದರು. ಸೂಜಿಯಣ್ಣ ಸ್ವಲ್ಪ ಹೊತ್ತಿನ ಮುಂಚೆ ಆಡಿದ ಮಾತೇ. ಆತನಿಗೆ ಸಿಕ್ಕ ಮರ್ಯಾದೆಯೇ ಇವರಿಗೂ ಸಿಕ್ಕಿತು. ಜನ ತಲೆಯಾಡಿಸಿ, ಪಾಪ ಎನ್ನುವಂತೆ ನೋಡಿದರು.

ಅನ್ಯಾಯ ತಮ್ಮ ಮನೆಬಾಗಿಲಿಗೆ ಬಂದಾಗ ನ್ಯಾಯಕ್ಕೆ ಬೇಗ ಕಾಲು ಬರುತ್ತದೆ. ಡಾಕ್ಟರು ತಾವೇ ಫೋನು ಮಾಡಿ ಮೆಕ್ಯಾನಿಕ್ಕನ್ನು ಕರೆಸಿದರು. ಗಾಡಿಯನ್ನು ಅಲ್ಲೇ, ಎಲ್ಲರ ಕಣ್ಣೆದುರಿಗೇ ಬಿಚ್ಚಬೇಕು, ಅಲ್ಲಿಯತನಕ ಯಾರೂ ಹೋಗಕೂಡದು ಎಂದರು. ಕೌಂಟರಿನವರಿಗೆ ಬಾಗಿಲು ಕಾಯಲು ಹೇಳಿದರು. ಯಾರು ಯಾರಿಗೆ ಹೇಳಿದರೋ, ಅರ್ಧ ಬೀದಿ ಬಂದು ಸೇರಿತು. ಆ ಅರ್ಧ ಬೀದಿಯ ಜೊತೆಗೆ ಅಕ್ಕನೂ ಬಂದಳು. ಅಕ್ಕನ ಹಿಂದೆ ಸೂಜಿಯಣ್ಣನ ಹೆಂಡತಿ.

ಹೆಂಡತಿಯನ್ನು ಕಂಡದ್ದೇ ಸೂಜಿಯಣ್ಣನ ಸಂತೋಷ ಇಳಿದುಹೋಯಿತು. ಈಗ ಅವನ ಪರಿಸ್ಥಿತಿ ನೋಡಿ. ಗಾಡಿ ಕೆಟ್ಟಿದ್ದರೆ ಕೆಲಸ ಉಳಿಯುತ್ತದೆ, ಗಾಡಿ ಗುಜರಿಗೆ ಹೋಗುತ್ತದೆ. ಗಾಡಿ ಚೆನ್ನಾಗಿದ್ದರೆ ಗಾಡಿ ಉಳಿಯುತ್ತದೆ, ಕೈ ಗುಜರಿಗೆ ಹೋಗುತ್ತದೆ. ಯಾವುದಕ್ಕೆ ಹರಸಿಕೊಳ್ಳಬೇಕೆಂದು ತಿಳಿಯದೆ ಅವನು ಮೆಕ್ಯಾನಿಕ್ಕನ ಸ್ಪ್ಯಾನರನ್ನೇ ನೋಡುತ್ತ ಬೆವರಿದ.

ಮೆಕ್ಯಾನಿಕ್ ಆಯಿಲ್ ಇಳಿಸಿ, ಬದಿಯ ಮುಚ್ಚಳ ಬಿಚ್ಚಿ, ಕ್ಲಚ್ ಪ್ಲೇಟುಗಳನ್ನು ಒಂದೊಂದಾಗಿ ಹೊರಗೆಳೆದು ಹಳೆ ಪೇಪರಿನ ಮೇಲೆ ಜೋಡಿಸಿದ. ಕೆಲವು ಸುಟ್ಟು ನೀಲಿಯಾಗಿದ್ದವು. ಒಂದನ್ನು ಮೆಟ್ಟಿಲ ಮೇಲೆ ಇಟ್ಟರೆ ಸಮವಾಗಿ ಕೂರದೆ ತೊಟ್ಟಿಲಿನಂತೆ ತೂಗಿತು. ಪ್ಲೇಟುಗಳನ್ನು ಹಿಡಿದಿಡುವ ಡಬ್ಬಿಯ ಸೀಳುಗಳಲ್ಲಿ ಸವೆದು ಸವೆದು ಹಲ್ಲುಹಲ್ಲಾದ ಗುಳಿಗಳು ಬಿದ್ದಿದ್ದವು.

"ನೋಡಿ ಸಾರ್, ಪ್ಲೇಟು ಜಾರಿಕೊಂಡು ಬಂದು ಕೂರಬೇಕು. ಈ ಗುಳಿಗೆ ಸಿಕ್ಕಿಹಾಕ್ಕೊಳ್ಳುತ್ತೆ, ಬಿಡುತ್ತೆ, ಸಿಕ್ಕಿಹಾಕ್ಕೊಳ್ಳುತ್ತೆ, ಬಿಡುತ್ತೆ. ಎಗರದೆ ಏನು ಮಾಡುತ್ತೆ? ಯಾರೋ ಪುಣ್ಯಾತ್ಮರು ಕಾರಿನ ಆಯಿಲ್ ಬೇರೆ ಹಾಕಿದಾರೆ. ಕ್ಲಚ್ಚೇ ಹೋಗಿದೆ ಅಂತ ನಾನು ಅವತ್ತೇ ಹೇಳಿದ್ದೆ" ಎಂದ ಮೆಕ್ಯಾನಿಕ್.

"ನೀನು ಕೈ ಅಂದಿದ್ದೆ" ಎಂದ ಸೂಜಿಯಣ್ಣ.

"ಕೈ ಒಮ್ಮೆ ತೋರಿಸ್ಕೊಳ್ಳಿ ಅಂದೆ. ಕ್ಲಚ್ ಚೆನ್ನಾಗಿದೆ ಅಂತ ಅಂದೆನಾ?"

ಹೆಡ್‌ಮಾಸ್ತರರು ಬಗ್ಗಿ ಗುಳಿಗಳಲ್ಲಿ ಬೆರಳಾಡಿಸಿ ನೋಡಿದರು. ಆಮೇಲೆ ಡಾಕ್ಟರ ಕೈ ನೋಡಿದರು, ಸೂಜಿಯಣ್ಣನ ಕೈ ನೋಡಿದರು. "ಹಾಗಾದರೆ ಗಾಡಿಯೇ" ಎಂದು ಒಪ್ಪಿಕೊಂಡರು. ಕುರುವಿನವನ ಕುರು ಮತ್ತೆ ನೋಯತೊಡಗಿತು. ಡಾಕ್ಟರು ನಿಟ್ಟುಸಿರು ಬಿಟ್ಟು, ನಾಳೆಯ ಕೌಂಟರಿನ ವಿಷಯ ಮರೆತುಬಿಡಿ ಎಂದು ಸೂಜಿಯಣ್ಣನ ಬೆನ್ನು ತಟ್ಟಿದರು. ಆದರೂ ಜನ ಹಿಂದಿನ ಕೋಣೆಯ ಕಡೆಗೆ ಹೆಜ್ಜೆ ಹಾಕಲಿಲ್ಲ. ಮನಸ್ಸು ಒಪ್ಪಿತ್ತು, ತೋಳು ಒಪ್ಪಿರಲಿಲ್ಲ. ನೀವು ಮೊದಲು, ಛೆ ಛೆ ನೀವು ಮೊದಲು ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ನಿಂತರು. ಎಲ್ಲರ ಕಣ್ಣೂ ಆ ಎಡಗೈಯ ಮೇಲೆ.

"ನನ್ನದು ತಗೊಳ್ಳಿ" ಎಂದು ಹೆಂಡತಿ ಮುಂದೆ ಬಂದಳು. ಅವಳು ಸೂಜಿ ಕಂಡರೆ ಮುಖ ಮುಚ್ಚಿಕೊಳ್ಳುವವಳು, ಮದುವೆಯಾದಂದಿನಿಂದ ಗಂಡನಿಗೆ ಒಮ್ಮೆಯೂ ತೋಳು ಕೊಟ್ಟವಳಲ್ಲ. ಜನ ದಾರಿಬಿಟ್ಟರು. ಹಿಂದಿನ ಕೋಣೆಯ ಬಾಗಿಲಿಗೆ ಬೆನ್ನು ಹಾಕಿ, ಕುರ್ಚಿಯಲ್ಲಿ ಕೂತು, ತೋಳು ಮೇಜಿನ ಮೇಲೆ ಇಟ್ಟಳು. ಹೊರಗಿನವರು ಬಾಗಿಲಲ್ಲಿ ಒತ್ತಿಕೊಂಡು ನಿಂತರು. ಸೂಜಿಯಣ್ಣ ರಬ್ಬರ್ ಪಟ್ಟಿ ಕಟ್ಟಿದ, ಬೆರಳಿನಿಂದ ತಡಕಿದ. ನರ ಸಿಕ್ಕಿತು. ಒಳ್ಳೆಯ ನರ.

"ಗಾಡಿ ವಿಷಯದಲ್ಲಿ ನಾನು ಸುಳ್ಳು ಹೇಳಿದೆ. ನಿನ್ನ ಮಾತೇ ಸರಿ. ನಾಳೆ ಗುಜರಿಗೆ ಹಾಕ್ತೀನಿ" ಎಂದ ಮೆಲ್ಲಗೆ, ತಲೆ ಎತ್ತದೆ.

"ಗುಜರಿಗೆ ಯಾಕೆ? ಕ್ಲಚ್ಚಿನ ಆ ಪ್ಲೇಟು, ಡಬ್ಬಿ ಬದಲಾಯಿಸಿದರೆ ಓಡುತ್ತಂತೆ. ಮೆಕ್ಯಾನಿಕ್ಕನ್ನ ಕೇಳಿದೆ" ಎಂದಳು ಅವಳೂ ಅಷ್ಟೇ ಮೆಲ್ಲಗೆ. "ಮೊದಲ ದಿನವೇ ನನಗೆ ಗೊತ್ತಿತ್ತು, ಅದು ಗಾಡಿದೇ ಅಂತ. ಹಿಂದೆ ಕೂತು ನಿಮ್ಮ ಕೈ ನೋಡ್ತಾನೇ ಇರ್ತೀನಲ್ಲ. ಅದು ಯಾವತ್ತೂ ನಡುಗಿದ್ದಿಲ್ಲ."

ಸೂಜಿಯಣ್ಣ ಸೂಜಿ ಹಿಡಿದುಕೊಂಡೇ ತಲೆ ಎತ್ತಿದ. "ಗೊತ್ತಿದ್ದೂ ಸುಮ್ಮನಿದ್ದೆಯಾ?"

"ಇಷ್ಟು ವರ್ಷದಲ್ಲಿ ಒಂದು ಸಲವಾದರೂ, ನೀನು ಹೇಳಿದ್ದು ಸರಿ ಅಂತ ನಿಮ್ಮ ಬಾಯಲ್ಲಿ ಕೇಳೋಣ ಅಂತ ಕಾಯ್ತಿದ್ದೆ. ಕೆಲಸಕ್ಕೇ ಸಂಚಕಾರ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಅದು ನನ್ನ ತಪ್ಪು" ಎಂದಳು. ಅವಳ ಕಣ್ಣು ತುಂಬಿಬಂದಿತ್ತು. "ತಗೊಳ್ಳಿ ಬೇಗ. ನನಗೆ ಹೆದರಿಕೆ ಆಗುತ್ತೆ."

ಸೂಜಿಯಣ್ಣ ಸೂಜಿ ಇಳಿಸಿದ. ಅಷ್ಟು ವರ್ಷ ಅಷ್ಟು ಜನರ ತೋಳಿನ ಮೇಲೆ ಕದಲದ ಆ ಎಡಗೈ, ಹೆಂಡತಿಯ ತೋಳಿನ ಮೇಲೆ, ಅಂದು ನಿಜವಾಗಿ ನಡುಗಿತು. ಸೂಜಿ ನರದ ಪಕ್ಕಕ್ಕೆ ಹೋಯಿತು. ಸೀಸೆಗೆ ಒಂದು ಹನಿಯೂ ಬರಲಿಲ್ಲ.

ಬಾಗಿಲಲ್ಲಿ ಅಷ್ಟು ಜನ. ಹೆಂಡತಿ ಹಲ್ಲು ಕಚ್ಚಿಕೊಂಡಳು, ಆದರೆ ಬೆನ್ನು ಸ್ವಲ್ಪವೂ ಅಲುಗಿಸಲಿಲ್ಲ. ಅವಳ ಬೆನ್ನಿನ ಮರೆಯಲ್ಲಿ ಮೇಜಾಗಲಿ ತೋಳಾಗಲಿ ಯಾರಿಗೂ ಕಾಣುತ್ತಿರಲಿಲ್ಲ. "ಇನ್ನೊಂದು ಸಲ" ಎಂದು ತುಟಿಯಲ್ಲೇ ಹೇಳಿದಳು. ಅವನು ಹೊಸ ಸೂಜಿ ತೆಗೆದ. ಈ ಸಲ ರಕ್ತ ಬಂತು.

ಅವಳು ಎದ್ದು ಹೊರಗೆ ಬಂದಳು.

"ಹೇಗಿತ್ತಮ್ಮಾ?" ಎಂದರು ಹೆಡ್‌ಮಾಸ್ತರರು, ತೋಳನ್ನು ಇನ್ನೂ ಹಿಂದಕ್ಕೆ ಹಿಡಿದುಕೊಂಡು.

"ಚುಚ್ಚಿದ್ದೇ ಗೊತ್ತಾಗಲಿಲ್ಲ ಸಾರ್. ಒಂದೇ ಸಲಕ್ಕೆ ಆಯ್ತು" ಎಂದಳು, ಎರಡು ಹತ್ತಿಯ ತುಂಡುಗಳನ್ನು ಒಂದೇ ಹೆಬ್ಬೆರಳಿನ ಕೆಳಗೆ ಅದುಮಿ ಹಿಡಿದುಕೊಂಡು.

ಹೆಡ್‌ಮಾಸ್ತರರು ಅಂಗಿಯ ತೋಳು ಮಡಚುತ್ತ ಒಳಗೆ ಹೋದರು.